ವೇಗದ ಅಂಕಿಯನ್ನು ನಂಬುವ ಮುನ್ನ ಪ್ಲಗ್ ಕಿತ್ತು ನೋಡಿ

ಪ್ರಶ್ನೆ: ಕಲಬುರಗಿಯ ನೆಹರು ಗಂಜ್‌ನ ಅಡತ್ ಅಂಗಡಿಯೊಂದರ ಕಂಪ್ಯೂಟರ್ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ. ರೈತರ ತೊಗರಿಯ ತೂಕ, ದರ, ಹಮಾಲಿ, ಪಟ್ಟಿ (ರೈತರಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ) ಎಲ್ಲವೂ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿವೆ. ಅದು ಹಳೆಯ ಲಿನಕ್ಸ್ ಯಂತ್ರದ ಮೇಲಿನ ಒಂದು ವರ್ಚುವಲ್ ಯಂತ್ರದಲ್ಲಿ, ಅಂದರೆ ತಂತ್ರಾಂಶದಿಂದ ರಚಿಸಿದ ಕಂಪ್ಯೂಟರಿನಲ್ಲಿ, ನಡೆಯುತ್ತದೆ; ಡಿಸ್ಕ್ ನಿಮಿಷಕ್ಕೆ 7200 ಸುತ್ತಿನ ಸಾಮಾನ್ಯ ಹಾರ್ಡ್ ಡಿಸ್ಕ್. ಕಳೆದ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋದಾಗ ಯುಪಿಎಸ್ ಕೈಕೊಟ್ಟು ಯಂತ್ರ ಒಮ್ಮೆಲೇ ಆರಿತು. ಮರಳಿ ಚಾಲೂ ಮಾಡಿದಾಗ ಡೇಟಾಬೇಸ್ ಯಾವ ದೋಷವನ್ನೂ ತೋರಿಸದೆ ಎದ್ದಿತು. ಆದರೆ ಮುದ್ರಿಸಿ ರೈತರ ಕೈಗೆ ಕೊಟ್ಟಾಗಿದ್ದ ಕೊನೆಯ ಮೂರು ಪಟ್ಟಿಗಳು ಅದರಲ್ಲಿ ಇರಲಿಲ್ಲ. ಅವೇ ಸಂಖ್ಯೆಯ ಪಟ್ಟಿಗಳು ಆಮೇಲೆ ಬೇರೆ ರೈತರ ಹೆಸರಿಗೆ ಹೋದವು. ಡಿಸ್ಕ್ ಪರೀಕ್ಷಿಸಲು, ಬರಹವನ್ನು ಡಿಸ್ಕಿಗೆ ಮುಟ್ಟಿಸುವ ಬೇರೆ ಬೇರೆ ವಿಧಾನಗಳ ವೇಗ ಅಳೆಯುವ ಪಿಜಿ ಟೆಸ್ಟ್ ಎಫ್‌ಸಿಂಕ್ ಎಂಬ ಪ್ರೋಗ್ರಾಮ್ ಓಡಿಸಿದೆ. ಹಳೆಯ ಯಂತ್ರದಲ್ಲಿ ಓಪನ್ ಡೇಟಾಸಿಂಕ್ ವಿಧಾನ ಸೆಕೆಂಡಿಗೆ 2,910 ಬಾರಿ, ಎಫ್‌ಡೇಟಾಸಿಂಕ್ 2,840, ಎಫ್‌ಸಿಂಕ್ 2,600 ಬಂದಿತು. ಮಾಲೀಕರು ಹೊಸದಾಗಿ ಕೊಂಡ ಎನ್‌ವಿಎಂಇ ಎಸ್‌ಎಸ್‌ಡಿಯ ಯಂತ್ರದಲ್ಲಿ ಎಫ್‌ಡೇಟಾಸಿಂಕ್ 640 ಮಾತ್ರ. ಹೊಸ ಯಂತ್ರದಲ್ಲಿ ದೋಷವಿದೆಯೇ? ಯಾವ ವಿಧಾನ ಆರಿಸಿದರೆ ಪಟ್ಟಿಗಳು ಕಳೆಯುವುದಿಲ್ಲ?

ಉತ್ತರ: ನಿಮ್ಮ ಹೊಸ ಯಂತ್ರದಲ್ಲಿ ದೋಷವಿರುವ ಲಕ್ಷಣ ನನಗೆ ಕಾಣುತ್ತಿಲ್ಲ. ದೋಷವಿರುವುದು ಹಳೆಯ ಯಂತ್ರದಲ್ಲಿ, ಮತ್ತು ನೀವು ಒಳ್ಳೆಯ ಫಲಿತಾಂಶವೆಂದು ತಿಳಿದ ಆ 2,840 ಎಂಬ ಅಂಕಿಯೇ ಅದಕ್ಕೆ ಸಾಕ್ಷಿ. ಇರುವ ವಿಧಾನಗಳಲ್ಲಿ ಯಾವುದನ್ನು ಆರಿಸಿದರೂ ಹಳೆಯ ಯಂತ್ರ ಈಗಿರುವ ಸ್ಥಿತಿಯಲ್ಲಿ ನಿಮ್ಮ ಪಟ್ಟಿಗಳನ್ನು ಉಳಿಸಲಾರದು. ಏಕೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲ್ಲಿ ಕಾರಣ ತಿಳಿಯದೆ ಸೆಟ್ಟಿಂಗ್ ಬದಲಿಸಿದರೆ ಸಮಸ್ಯೆ ಮುಂದಿನ ಸುಗ್ಗಿಗೆ ಮುಂದೂಡಲ್ಪಡುತ್ತದೆಯೇ ಹೊರತು ತೀರುವುದಿಲ್ಲ.

ಮೊದಲು ಬಳಪ ಹಿಡಿದು ಮಾಡಬಹುದಾದ ಒಂದು ಲೆಕ್ಕ. ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ ಸುಮಾರು 8.33 ಮಿಲಿಸೆಕೆಂಡು. ಪಿಜಿ ಟೆಸ್ಟ್ ಎಫ್‌ಸಿಂಕ್ ಒಂದು ಕಡತದ ಅದೇ ಜಾಗಕ್ಕೆ 8 ಕಿಲೋಬೈಟ್ ಬರೆಯುತ್ತದೆ, ಡಿಸ್ಕಿಗೆ ಮುಟ್ಟಿತೆಂಬ ಉತ್ತರ ಬರುವವರೆಗೆ ಕಾಯುತ್ತದೆ, ಮತ್ತೆ ಅದೇ ಜಾಗಕ್ಕೆ ಬರೆಯುತ್ತದೆ. ಬರೆದದ್ದು ನಿಜವಾಗಿಯೂ ತಟ್ಟೆಯ ಮೇಲೆ ಬೀಳುತ್ತಿದ್ದರೆ, ಅದೇ ಜಾಗ ಮರಳಿ ಓದು-ಬರಹದ ತಲೆಯ ಕೆಳಗೆ ಬರಲು ತಟ್ಟೆ ಒಂದು ಪೂರ್ತಿ ಸುತ್ತು ತಿರುಗಲೇಬೇಕು. ಆದ್ದರಿಂದ ಅಂಥ ಡಿಸ್ಕಿನಲ್ಲಿ ಸೆಕೆಂಡಿಗೆ ಸುಮಾರು 120ಕ್ಕಿಂತ ಹೆಚ್ಚು ಬಾರಿ ಹಾಗೆ ಬರೆಯುವುದು ಸಾಧ್ಯವಿಲ್ಲ. 5400 ಸುತ್ತಿನ ಡಿಸ್ಕಾದರೆ ಈ ಮಿತಿ 90. ನಿಮ್ಮ 2,840ರ ಲೆಕ್ಕದಲ್ಲಿ ಒಂದು ಬರಹಕ್ಕೆ ಸುಮಾರು 352 ಮೈಕ್ರೊಸೆಕೆಂಡು ಹಿಡಿದಿದೆ. ಅಷ್ಟು ಹೊತ್ತಿನಲ್ಲಿ ಆ ತಟ್ಟೆ ಹದಿನೈದು ಡಿಗ್ರಿಯಷ್ಟು ಮಾತ್ರ ತಿರುಗಿರುತ್ತದೆ. ಅಂದರೆ ಡಿಸ್ಕಿಗೆ ಬರಹ ಮುಟ್ಟುವ ಮೊದಲೇ ನಡುವಿನ ಯಾರೋ ಒಬ್ಬರು ಮುಟ್ಟಿತೆಂದು ಉತ್ತರ ಕೊಡುತ್ತಿದ್ದಾರೆ.

ಆ ಒಬ್ಬರು ಯಾರೆಂದು ಹುಡುಕಲು ಬರಹ ಸಾಗುವ ದಾರಿಯನ್ನು ನೋಡಬೇಕು. ಗಂಜ್‌ನಲ್ಲಿ ಕೆಲಸ ಮಾಡುವ ನಿಮಗೆ ಕಿರ್ದಿ ಮತ್ತು ಖತಾವಣಿಯ ವ್ಯವಸ್ಥೆ ಚೆನ್ನಾಗಿ ಗೊತ್ತು. ವ್ಯವಹಾರ ನಡೆದ ಕೂಡಲೇ ಅದು ನಡೆದ ಕ್ರಮದಲ್ಲೇ ಕಿರ್ದಿಯಲ್ಲಿ ದಾಖಲಾಗುತ್ತದೆ. ಆಮೇಲೆ ಬಿಡುವಾದಾಗ ಅವರವರ ಖಾತೆಗೆ ಏರುತ್ತದೆ. ಪೋಸ್ಟ್‌ಗ್ರೆಸ್ ಮಾಡುವುದೂ ಇದನ್ನೇ. ಅದರ ಕಿರ್ದಿಯ ಹೆಸರು ವಾಲ್; 16 ಮೆಗಾಬೈಟಿನ ತುಂಡುಗಳಾಗಿ ಡಿಸ್ಕಿನಲ್ಲಿ ಇರುತ್ತದೆ. ಪಟ್ಟಿಯನ್ನು ಕಮಿಟ್ ಮಾಡಿದಾಗ, ಅಂದರೆ ಖಾಯಂ ಆಗಿ ಉಳಿಸಲು ಹೇಳಿದಾಗ, ಅದರ ವಿವರ ವಾಲ್‌ನಲ್ಲಿ ಭದ್ರವಾಗಿ ಕೂತ ಮೇಲಷ್ಟೇ ನಿಮ್ಮ ಪರದೆಯ ಮೇಲೆ ಉಳಿಸಲಾಗಿದೆ ಎಂಬ ಮಾತು ಬರಬೇಕು. ಕೋಷ್ಟಕಗಳ ಕಡತಗಳಿಗೆ, ಅಂದರೆ ಖತಾವಣಿಗೆ, ಅದು ಮುಂದೆ ಚೆಕ್‌ಪಾಯಿಂಟ್ ಎಂಬ, ಆಗಾಗ ಬರುವ ಖಾತೆ ಏರಿಸುವ ಹೊತ್ತಿಗೆ ಸೇರಿದರೂ ನಡೆಯುತ್ತದೆ.

ಆದರೆ ಬರೆ ಎಂದು ಪೋಸ್ಟ್‌ಗ್ರೆಸ್ ಹೇಳಿದಾಗ ಆ ಬರಹ ಮೊದಲು ಸೇರುವುದು ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ಲಿನ ಸ್ಮೃತಿಗೆ, ಅಂದರೆ ರ‍್ಯಾಮಿಗೆ. ಲಿನಕ್ಸ್ ಕರ್ನಲ್ ತನ್ನ ಸಹಜ ಸಿದ್ಧತೆಯಲ್ಲಿ 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡಿಗಿಂತ ಹಳೆಯದಾದ ಬರಹಗಳನ್ನು ಡಿಸ್ಕಿನತ್ತ ತಳ್ಳುತ್ತದೆ. ಅಷ್ಟು ಕಾಯದೆ ಈಗಲೇ ತಳ್ಳು, ಮುಟ್ಟಿದ ಮೇಲೆ ನನಗೆ ತಿಳಿಸು ಎಂದು ಹೇಳುವ ಆದೇಶವೇ ಎಫ್‌ಸಿಂಕ್. ಕರ್ನಲ್ ತಳ್ಳಿದ ಬರಹ ಡಿಸ್ಕಿನ ಒಳಗಿರುವ ಕ್ಯಾಶ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ನಿಲ್ಲಬಹುದು. ಅದೂ ಕರೆಂಟು ಹೋದರೆ ಅಳಿಸಿಹೋಗುವಂಥದ್ದೇ. ಆದ್ದರಿಂದ ಕ್ಯಾಶಿನಲ್ಲಿರುವುದನ್ನು ತಟ್ಟೆಗೆ ಬರೆದು ಮುಗಿಸು ಎಂದು ಕರ್ನಲ್ ಡಿಸ್ಕಿಗೆ ಫ್ಲಶ್ ಎಂಬ ಮತ್ತೊಂದು ಆದೇಶವನ್ನೂ ಕಳಿಸುತ್ತದೆ. ನಡುವೆ ರೇಡ್ ಕಾರ್ಡ್ (ಹಲವು ಡಿಸ್ಕುಗಳನ್ನು ಒಟ್ಟಾಗಿ ನಡೆಸುವ ಸಾಧನ) ಇದ್ದರೆ ಅದರದೊಂದು ಕ್ಯಾಶ್. ವರ್ಚುವಲ್ ಯಂತ್ರವಾದರಂತೂ ಈ ದಾರಿ ಇಮ್ಮಡಿಯಾಗುತ್ತದೆ: ಒಳಗಿನ ಕರ್ನಲ್ ಕಳಿಸಿದ ಫ್ಲಶ್ ಆದೇಶವನ್ನು ವರ್ಚುವಲ್ ಡಿಸ್ಕ್ ಸ್ವೀಕರಿಸಿ, ಹೊರಗಿನ ಕರ್ನಲ್ಲಿಗೆ ಒಪ್ಪಿಸಿ, ಅದು ಮತ್ತೆ ನಿಜವಾದ ಡಿಸ್ಕಿಗೆ ಒಪ್ಪಿಸಬೇಕು. ಈ ಸರಪಳಿಯ ಒಂದು ಕೊಂಡಿ ಆದೇಶವನ್ನು ನುಂಗಿದರೂ ಮೇಲಿನವರಿಗೆಲ್ಲ ಕೆಲಸ ಮುಗಿಯಿತೆಂಬ ಸುಳ್ಳು ಉತ್ತರವೇ ಸಿಗುತ್ತದೆ.

ನಿಮ್ಮಲ್ಲಿ ನುಂಗಿದ್ದು ವರ್ಚುವಲ್ ಡಿಸ್ಕಿನ ಪದರವೇ ಎಂದು ನಾನು ಬಲವಾಗಿ ಊಹಿಸುತ್ತೇನೆ. ಡಿಸ್ಕಿನ ಸ್ವಂತ ಕ್ಯಾಶ್ ಚಿಕ್ಕದು. ಅಂಗಡಿಯ ಒಂದು ಯಂತ್ರದ ಹಗುರ ಕೆಲಸದಲ್ಲಿ ಅದು ಬಲುಬೇಗ ಖಾಲಿಯಾಗುತ್ತಿರುತ್ತದೆ. ಅಲ್ಲಿ ಮಾತ್ರ ತಪ್ಪಿದ್ದರೆ ಕೊನೆಯ ಒಂದು ಪಟ್ಟಿ ಹೋಗುವ ಸಂಭವ ಹೆಚ್ಚಿತ್ತು. ನಿಮ್ಮಲ್ಲಿ ಹೋದವು ಮುದ್ರಣವೂ ಮುಗಿದಿದ್ದ ಮೂರು ಪಟ್ಟಿಗಳು. ಸುಗ್ಗಿಯ ನೂಕುನುಗ್ಗಲಿನಲ್ಲಿ ಎರಡು ಮೂರು ಜನ ಕೂತು ಪಟ್ಟಿ ಮಾಡುವಾಗ ಅದು ಅರ್ಧ ನಿಮಿಷದ ಕೆಲಸ. ಹೊರಗಿನ ಕರ್ನಲ್ಲಿನ 30 ಸೆಕೆಂಡಿನ ಲೆಕ್ಕಕ್ಕೆ ಅದು ಸರಿಹೊಂದುತ್ತದೆ.

ಡೇಟಾಬೇಸ್ ಯಾವ ದೋಷವನ್ನೂ ತೋರಿಸದೆ ಎದ್ದದ್ದು ನಿಮಗೆ ಸಮಾಧಾನ ತಂದಿರಬಹುದು. ಅದರಿಂದ ಸಮಾಧಾನಪಡಬೇಡಿ. ಚೇತರಿಕೆಯ ವೇಳೆ ಪೋಸ್ಟ್‌ಗ್ರೆಸ್ ವಾಲ್ ಅನ್ನು ಸಾಲುಸಾಲಾಗಿ ಓದುತ್ತಾ ಹೋಗಿ, ಸರಿಯಾದ ದಾಖಲೆ ಎಲ್ಲಿ ನಿಲ್ಲುತ್ತದೆಯೋ ಅದನ್ನೇ ಕಿರ್ದಿಯ ಕೊನೆಯೆಂದು ತಿಳಿಯುತ್ತದೆ. ಅದರಾಚೆ ಇನ್ನೂ ಮೂರು ಸಾಲು ಇರಬೇಕಾಗಿತ್ತೆಂದು ತಿಳಿಯಲು ಅದಕ್ಕೆ ಬೇರೆ ದಾರಿಯಿಲ್ಲ. ಅಂದು ನಿಮ್ಮ ಅದೃಷ್ಟ ಚೆನ್ನಾಗಿತ್ತು ಎನ್ನಬೇಕು. ಫ್ಲಶ್ ಆದೇಶ ನುಂಗಲ್ಪಟ್ಟಾಗ ಯಾವ ಬರಹ ಮೊದಲು ಡಿಸ್ಕಿಗೆ ಹೋಗುತ್ತದೆ ಎಂಬ ಕ್ರಮವೂ ಉಳಿಯುವುದಿಲ್ಲ. ಖತಾವಣಿ ಏರಿ, ಅದಕ್ಕೆ ಆಧಾರವಾದ ಕಿರ್ದಿಯ ಸಾಲು ಹಿಂದುಳಿದರೆ ಕೋಷ್ಟಕ ಮತ್ತು ಅದರ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕುವ ಸೂಚಿ) ಒಂದಕ್ಕೊಂದು ತಾಳೆಯಾಗದೆ, ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಹಾಳಾಗುತ್ತಾ ಹೋಗುತ್ತವೆ. ಸಂಖ್ಯೆ ಮರುಕಳಿಸಿದ ಬಗ್ಗೆ ಒಂದು ಮಾತು. ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್, ಅಂದರೆ ಕ್ರಮಸಂಖ್ಯೆ ಕೊಡುವ ಏರ್ಪಾಡು, 32 ಸಂಖ್ಯೆಗಳಷ್ಟು ಮುಂಗಡವಾಗಿ ವಾಲ್‌ನಲ್ಲಿ ದಾಖಲಿಸುವುದರಿಂದ, ಹೀಗೆ ಆರಿ ಎದ್ದಾಗ ಸಾಮಾನ್ಯವಾಗಿ ಸಂಖ್ಯೆ ಮುಂದಕ್ಕೆ ಹಾರುತ್ತದೆ. ನಿಮ್ಮಲ್ಲಿ ಮೂರೂ ಮರುಕಳಿಸಿವೆ ಎಂದರೆ ತಂತ್ರಾಂಶ ಬಹುಶಃ ಕೊನೆಯ ಪಟ್ಟಿಗೆ ಒಂದು ಕೂಡಿಸಿ ಸಂಖ್ಯೆ ಕೊಡುತ್ತಿದೆ. ಇಬ್ಬರು ಒಂದೇ ಕ್ಷಣದಲ್ಲಿ ಪಟ್ಟಿ ಮಾಡಿದಾಗಲೂ ಅದು ತೊಂದರೆ ಕೊಡುವ ಪದ್ಧತಿ, ಅದನ್ನು ಸರಿಪಡಿಸಿಸಿ.

ಈಗ ವಿಧಾನಗಳಿಗೆ ಬರೋಣ. ಲಿನಕ್ಸಿನಲ್ಲಿ ವಾಲ್ ಸಿಂಕ್ ಮೆಥಡ್ ಎಂಬ ಸೆಟ್ಟಿಂಗಿಗೆ ಕೊಡಬಹುದಾದವು ಓಪನ್ ಡೇಟಾಸಿಂಕ್, ಎಫ್‌ಡೇಟಾಸಿಂಕ್, ಎಫ್‌ಸಿಂಕ್ ಮತ್ತು ಓಪನ್ ಸಿಂಕ್. ಎಫ್‌ಸಿಂಕ್ ಕಡತದ ಒಳಗಿನ ಮಾಹಿತಿಯ ಜೊತೆಗೆ ಅದರ ಗಾತ್ರ, ತಿದ್ದಿದ ಸಮಯ ಮುಂತಾದ ವಿವರಗಳನ್ನೂ ಡಿಸ್ಕಿಗೆ ಮುಟ್ಟಿಸುತ್ತದೆ. ಎಫ್‌ಡೇಟಾಸಿಂಕ್ ಮಾಹಿತಿಯನ್ನೂ, ಅದನ್ನು ಮರಳಿ ಓದಲು ಬೇಕೇಬೇಕಾದ ವಿವರಗಳನ್ನೂ ಮಾತ್ರ ಮುಟ್ಟಿಸುತ್ತದೆ. ವಾಲ್ ತುಂಡುಗಳನ್ನು ಮೊದಲೇ 16 ಮೆಗಾಬೈಟಿಗೆ ತುಂಬಿಸಿಟ್ಟು, ಹಳೆಯವನ್ನು ಮರುಬಳಕೆ ಮಾಡುವುದರಿಂದ ಅವುಗಳ ಗಾತ್ರ ಬದಲಾಗುವುದಿಲ್ಲ. ಹಾಗಾಗಿ ಎಫ್‌ಡೇಟಾಸಿಂಕ್ ಕೆಲಸ ಒಂದೇ ಬರಹದಲ್ಲಿ ಮುಗಿಯುತ್ತದೆ, ಎಫ್‌ಸಿಂಕ್ ಕಡತ ವ್ಯವಸ್ಥೆಯ ಜರ್ನಲ್ಲಿಗೂ ಬರೆಯಬೇಕಾಗಿ ಬಂದು ನಿಧಾನವಾಗುತ್ತದೆ. ಓಪನ್ ಎಂದು ಆರಂಭವಾಗುವ ಎರಡರಲ್ಲಿ ಬೇರೆ ಆದೇಶವೇ ಇರುವುದಿಲ್ಲ. ಪ್ರತಿ ಬರಹವೂ ಮುಟ್ಟಿದ ಮೇಲೆಯೇ ಮರಳಬೇಕೆಂಬ ಕರಾರಿನೊಂದಿಗೆ ಕಡತವನ್ನು ತೆರೆಯಲಾಗಿರುತ್ತದೆ. ದೊಡ್ಡ ವಹಿವಾಟು ಅನೇಕ ತುಂಡುಗಳಾಗಿ ಬರೆಯಲ್ಪಟ್ಟಾಗ ಪ್ರತಿ ತುಂಡಿಗೂ ಕಾಯಬೇಕಾದ್ದರಿಂದ ಅವು ಹಿಂದೆ ಬೀಳಬಹುದು. ಪರೀಕ್ಷೆಯಲ್ಲಿ ಎರಡು 8 ಕಿಲೋಬೈಟ್ ಬರಹಗಳ ಭಾಗ ಇರುವುದು ಇದನ್ನು ಅಳೆಯಲಿಕ್ಕೆ. ಲಿನಕ್ಸಿನಲ್ಲಿ ಪೋಸ್ಟ್‌ಗ್ರೆಸ್ ತಾನಾಗಿ ಆರಿಸುವುದು ಎಫ್‌ಡೇಟಾಸಿಂಕ್. ಬಲವಾದ ಕಾರಣವಿಲ್ಲದೆ ಅದನ್ನು ಬದಲಿಸಬೇಡಿ ಎಂಬುದು ನನ್ನ ಸಲಹೆ. ಡಿಸ್ಕ್ ಪ್ರಾಮಾಣಿಕವಾಗಿದ್ದರೆ ನಾಲ್ಕೂ ವಿಧಾನಗಳು ಒಂದೇ ಭರವಸೆ ಕೊಡುತ್ತವೆ, ವ್ಯತ್ಯಾಸ ವೇಗದಲ್ಲಿ ಮಾತ್ರ. ನಡುವಿನ ಪದರ ಫ್ಲಶ್ಶನ್ನು ನುಂಗುತ್ತಿದ್ದರೆ ನಾಲ್ಕೂ ಒಂದೇ ರೀತಿ ಮೋಸಹೋಗುತ್ತವೆ.

ಪಿಜಿ ಟೆಸ್ಟ್ ಎಫ್‌ಸಿಂಕ್ ಓಡಿಸುವ ಕ್ರಮದಲ್ಲೂ ಎಚ್ಚರ ಬೇಕು. ಅದು ತನ್ನ ಪರೀಕ್ಷಾ ಕಡತವನ್ನು ನೀವು ಯಾವ ಡೈರೆಕ್ಟರಿಯಲ್ಲಿ ನಿಂತು ಓಡಿಸುತ್ತೀರೋ ಅಲ್ಲಿಯೇ ಮಾಡುತ್ತದೆ. ಟೆಂಪ್ ಡೈರೆಕ್ಟರಿಯಲ್ಲಿ ನಿಂತು ಓಡಿಸಿದಿರಿ ಎನ್ನೋಣ. ಕೆಲವು ಲಿನಕ್ಸ್ ವಿತರಣೆಗಳಲ್ಲಿ ಅದು ಡಿಸ್ಕಿನ ಮೇಲೆ ಇರುವುದೇ ಇಲ್ಲ, ರ‍್ಯಾಮಿನಲ್ಲೇ ಇರುತ್ತದೆ. ಆಗ ಬರುವ ಲಕ್ಷಗಟ್ಟಲೆ ಅಂಕಿಗೂ ನಿಮ್ಮ ಡಿಸ್ಕಿಗೂ ಸಂಬಂಧವಿಲ್ಲ. ಆದ್ದರಿಂದ ಎಫ್ ಎಂಬ ಆಯ್ಕೆಯ ಮೂಲಕ, ವಾಲ್ ಇರುವ ಅದೇ ಕಡತ ವ್ಯವಸ್ಥೆಯಲ್ಲಿ ಒಂದು ಹೊಸ ಕಡತದ ಹೆಸರನ್ನು ಕೊಟ್ಟು ಓಡಿಸಿ. ಸಾಮಾನ್ಯವಾಗಿ ಪ್ರತಿ ಪರೀಕ್ಷೆ 5 ಸೆಕೆಂಡು ನಡೆಯುತ್ತದೆ. ಎಸ್ ಆಯ್ಕೆಯಿಂದ ಅದನ್ನು 30 ಸೆಕೆಂಡಿಗೆ ಏರಿಸಿದರೆ ಅಂಕಿ ಹೆಚ್ಚು ಸ್ಥಿರವಾಗಿರುತ್ತದೆ. ಅಂಗಡಿ ಮುಚ್ಚಿದ ಮೇಲೆ, ಬೇರೆ ಕೆಲಸ ನಡೆಯದ ವೇಳೆ ಓಡಿಸಿ.

ಫಲಿತಾಂಶದಲ್ಲಿ ನಾನು ಮೊದಲು ನೋಡುವುದು ಮೇಲಿನ ಸಾಲುಗಳನ್ನಲ್ಲ, ಕೊನೆಯ ಸಾಲನ್ನು. ಸಿಂಕ್ ಇಲ್ಲದೆ ಬರೆದರೆ ಎಷ್ಟು ವೇಗ ಎಂಬುದನ್ನು ಅದು ಹೇಳುತ್ತದೆ. ಬರೀ ರ‍್ಯಾಮಿಗೆ ಬರೆಯುವ ವೇಗ ಅದು. ಎಫ್‌ಡೇಟಾಸಿಂಕ್ ಅಂಕಿ ಅದರ ಹತ್ತಿರ ಸುಳಿದರೆ ಸಿಂಕ್ ಆದೇಶ ಕರ್ನಲ್ಲಿನಿಂದ ಹೊರಗೇ ಹೋಗುತ್ತಿಲ್ಲ ಎಂದು ತಿಳಿಯಬೇಕು. ಅದಾದ ಮೇಲೆ ಇದೇ ಪರೀಕ್ಷೆಯನ್ನು ವರ್ಚುವಲ್ ಯಂತ್ರದ ಹೊರಗೆ, ನೇರವಾಗಿ ಹಳೆಯ ಯಂತ್ರದ ಲಿನಕ್ಸಿನಲ್ಲಿ, ಅದೇ ಡಿಸ್ಕಿನ ಮೇಲೆ ಓಡಿಸಿ. ಹೊರಗೆ 100ರ ಆಸುಪಾಸು, ಒಳಗೆ 2,840 ಬಂದರೆ ಆದೇಶ ನುಂಗುತ್ತಿರುವುದು ವರ್ಚುವಲ್ ಪದರವೇ. ಹೊರಗೂ ಸಾವಿರಾರು ಬಂದರೆ ತಪ್ಪು ಇನ್ನೂ ಕೆಳಗಿದೆ: ಕಡತ ವ್ಯವಸ್ಥೆಯನ್ನು ಬ್ಯಾರಿಯರ್ (ಫ್ಲಶ್ ಆದೇಶ ಕಳಿಸುವ ಏರ್ಪಾಡು) ಇಲ್ಲದಂತೆ ಮೌಂಟ್ ಮಾಡಿರಬಹುದು, ಅಂದರೆ ಜೋಡಿಸಿರಬಹುದು, ಇಲ್ಲವೇ ಡಿಸ್ಕೇ ಫ್ಲಶ್ಶಿಗೆ ಬೆಲೆ ಕೊಡದೆ ಇರಬಹುದು. ಮೌಂಟ್ ಆಯ್ಕೆಗಳಲ್ಲಿ ನೋಬ್ಯಾರಿಯರ್ ಅಥವಾ ಬ್ಯಾರಿಯರ್ ಸೊನ್ನೆ ಎಂದಿದ್ದರೆ ತೆಗೆದುಹಾಕಿ. ಡಿಸ್ಕಿನ ಮೇಲೆಯೇ ಅನುಮಾನವಿದ್ದರೆ ಎಚ್‌ಡಿಪಾರ್ಮ್ ಆದೇಶದಿಂದ ಅದರ ಬರಹದ ಕ್ಯಾಶನ್ನು ಆಫ್ ಮಾಡಿ ಮತ್ತೆ ಅಳೆಯಿರಿ. ಅಂಕಿ 120ರ ಕೆಳಗೆ ಇಳಿದರೆ ಗುಟ್ಟು ಹೊರಬಿದ್ದಂತೆ.

ವರ್ಚುವಲ್ ಡಿಸ್ಕಿನ ಸೆಟ್ಟಿಂಗ್ ಎಲ್ಲಿದೆ ಎಂಬುದು ನೀವು ಬಳಸುವ ತಂತ್ರಾಂಶದ ಮೇಲೆ ಹೋಗುತ್ತದೆ. ವರ್ಚುವಲ್ ಯಂತ್ರ ನಡೆಸುವ ಕ್ಯೂಎಮು ತಂತ್ರಾಂಶ ಬಳಸಿದ್ದರೆ ಡಿಸ್ಕಿನ ಕ್ಯಾಶ್ ಆಯ್ಕೆಯನ್ನು ನೋಡಿ. ಅನ್‌ಸೇಫ್ ಎಂಬ ಆಯ್ಕೆ ಫ್ಲಶ್ ಆದೇಶಗಳನ್ನು ಬೇಕೆಂದೇ ಕಡೆಗಣಿಸುತ್ತದೆ. ಹೊಸ ಯಂತ್ರದಲ್ಲಿ ಆಪರೇಟಿಂಗ್ ಸಿಸ್ಟಮ್ ಹಾಕುವಾಗ, ಹೋದರೆ ಮತ್ತೆ ಹಾಕಿದರಾಯಿತು ಎಂಬ ಕೆಲಸಕ್ಕೆ ಮಾತ್ರ ಅದು ತಕ್ಕದ್ದು. ನನ್ (none), ರೈಟ್‌ಬ್ಯಾಕ್, ರೈಟ್‌ಥ್ರೂ ಎಂಬ ಮೂರೂ ಫ್ಲಶ್ಶನ್ನು ಗೌರವಿಸುತ್ತವೆ. ಡೇಟಾಬೇಸಿಗೆ ನಾನು ಇಡುವುದು ನನ್. ನಿಮಗೆ ಈ ವ್ಯವಸ್ಥೆ ಮಾಡಿಕೊಟ್ಟವರು ವೇಗ ಕಂಡು ನೀವು ಮೆಚ್ಚಲಿ ಎಂದು ಅನ್‌ಸೇಫ್ ಇಟ್ಟಿದ್ದರೂ ಆಶ್ಚರ್ಯವಿಲ್ಲ. ಹಾಕಿಕೊಟ್ಟ ದಿನ ಎಲ್ಲವೂ ಸರಸರನೆ ಓಡುತ್ತದೆ. ಅದರ ಬೆಲೆ ತೆರುವವರು ಗಂಜ್‌ಗೆ ಮಾಲು ತಂದ ರೈತರು.

ಇಷ್ಟೆಲ್ಲ ಮಾಡಿದರೂ ಒಂದು ಮಾತನ್ನು ಮರೆಯಬಾರದು. ಪಿಜಿ ಟೆಸ್ಟ್ ಎಫ್‌ಸಿಂಕ್ ಅಳೆಯುವುದು ಸಮಯವನ್ನು. ತಿರುಗುವ ಡಿಸ್ಕಿನಲ್ಲಿ ಸುತ್ತಿನ ಲೆಕ್ಕದಿಂದ ಸುಳ್ಳನ್ನು ಹಿಡಿಯಬಹುದು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ, ಆ ಲೆಕ್ಕವೂ ಇಲ್ಲ. ಸಾಮಾನ್ಯ ಗ್ರಾಹಕರ ಎಸ್‌ಎಸ್‌ಡಿ ಪ್ರಾಮಾಣಿಕವಾಗಿ ಫ್ಲಶ್ ಮಾಡಿದರೆ ಒಂದಕ್ಕೆ ಸುಮಾರು ಒಂದೆರಡು ಮಿಲಿಸೆಕೆಂಡು ಹಿಡಿಯುವುದು ಸಹಜ. ನಿಮ್ಮ 640 ಎಂದರೆ 1.56 ಮಿಲಿಸೆಕೆಂಡು, ಆದ್ದರಿಂದಲೇ ಅದು ದೋಷದ ಲಕ್ಷಣವಲ್ಲವೆಂದೆ. ಸರ್ವರ್‌ಗಳಿಗೆಂದೇ ಮಾಡಿದ ಎಸ್‌ಎಸ್‌ಡಿಗಳಲ್ಲಿ ಕರೆಂಟು ಹೋದಾಗ ಕ್ಯಾಶಿನಲ್ಲಿರುವುದನ್ನು ಬರೆದು ಮುಗಿಸುವಷ್ಟು ಶಕ್ತಿ ಹಿಡಿದಿಡುವ ಕೆಪಾಸಿಟರ್‌ಗಳಿರುತ್ತವೆ. ಅವು ಸೆಕೆಂಡಿಗೆ ಹತ್ತಾರು ಸಾವಿರ ಸಿಂಕ್ ತೋರಿಸಿದರೂ ಸುಳ್ಳಲ್ಲ. ಹೀಗೆ ಎಸ್‌ಎಸ್‌ಡಿಯಲ್ಲಿ ದೊಡ್ಡ ಅಂಕಿ ನಿಜವೂ ಇರಬಹುದು, ಮೋಸವೂ ಇರಬಹುದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 15 ಎಸ್‌ಎಸ್‌ಡಿಗಳ ವಿದ್ಯುತ್ತನ್ನು ಮತ್ತೆ ಮತ್ತೆ ಕಡಿದು ನೋಡಿದಾಗ 13ರಲ್ಲಿ ಒಂದಲ್ಲ ಒಂದು ಬಗೆಯ ಅನಿರೀಕ್ಷಿತ ದೋಷ ಕಂಡಿತ್ತು. ಸತ್ಯ ತಿಳಿಯಲು ಇರುವ ದಾರಿ ಒಂದೇ: ಬರೆಯುತ್ತಿರುವಾಗ ಪ್ಲಗ್ ಕೀಳಬೇಕು, ಮತ್ತು ಏನೇನು ಬರೆದಾಗಿತ್ತು ಎಂಬುದಕ್ಕೆ ಹೊರಗಿನ ಸಾಕ್ಷಿ ಇರಬೇಕು.

ಸಾಕ್ಷಿ ಹೊರಗಿನದೇ ಆಗಬೇಕು, ಏಕೆಂದರೆ ಆರಿಹೋದ ಯಂತ್ರವನ್ನೇ ಕೇಳಿದರೆ ಅದು ತನಗೆ ನೆನಪಿರುವುದನ್ನಷ್ಟೇ ಹೇಳುತ್ತದೆ. ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಅವರು ಬರೆದ ಡಿಸ್ಕ್‌ಚೆಕರ್ ಎಂಬ ಪರ್ಲ್ ಪ್ರೋಗ್ರಾಮ್ ಇದೇ ತತ್ತ್ವದ್ದು. ಪೋಸ್ಟ್‌ಗ್ರೆಸ್‌ನ ಕೈಪಿಡಿಯೂ ಅದನ್ನು ಹೆಸರಿಸುತ್ತದೆ. ಅದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಕೇಳುವ ಸ್ಥಿತಿಯಲ್ಲಿ ಇಟ್ಟು, ಪರೀಕ್ಷಿಸಬೇಕಾದ ಯಂತ್ರದಿಂದ ಬರೆಯಿಸಬೇಕು. ಬರೆದು ಸಿಂಕ್ ಮುಗಿದಾಗಲೆಲ್ಲ ಆ ವಿಷಯ ಜಾಲದ ಮೂಲಕ ಸಾಕ್ಷಿ ಯಂತ್ರಕ್ಕೆ ಹೋಗುತ್ತದೆ. ಪ್ಲಗ್ ಕಿತ್ತು, ಮರಳಿ ಹಾಕಿ, ತಾಳೆ ನೋಡುವ ಆದೇಶ ಕೊಟ್ಟರೆ ಸಾಕ್ಷಿ ಹೇಳಿದ್ದರಲ್ಲಿ ಎಷ್ಟು ಡಿಸ್ಕಿನಲ್ಲಿ ಇಲ್ಲ ಎಂಬ ಲೆಕ್ಕ ಬರುತ್ತದೆ.

ಆದರೆ ನಿಮಗೆ ನಾನು ಡೇಟಾಬೇಸಿನ ಮೂಲಕವೇ ಪರೀಕ್ಷಿಸಲು ಹೇಳುತ್ತೇನೆ, ಏಕೆಂದರೆ ನಿಮ್ಮ ಪಟ್ಟಿಗಳು ಸಾಗುವ ದಾರಿ ಅದೇ. ಹೊಸ ಯಂತ್ರದಲ್ಲಿ ಪರೀಕ್ಷೆಗೆಂದೇ ಬೇರೆ ಪೋಸ್ಟ್‌ಗ್ರೆಸ್ ಕ್ಲಸ್ಟರನ್ನು (ಪ್ರತ್ಯೇಕ ಡೇಟಾಬೇಸ್ ಸ್ಥಾಪನೆಯನ್ನು), ಕೆಟ್ಟ ಬರಹವನ್ನು ಗುರುತಿಸುವ ಚೆಕ್‌ಸಮ್ ಇರುವಂತೆ, ಮಾಡಿಕೊಳ್ಳಿ. ಅಂಗಡಿಯ ಅಸಲಿ ಲೆಕ್ಕ ಇರುವ ಡಿಸ್ಕಿನ ಮೇಲೆ ಈ ಪ್ರಯೋಗ ಎಂದಿಗೂ ಬೇಡ. ಬ್ಯಾಟರಿಯ ಮೇಲೆ ನಡೆಯುವ ಒಂದು ಲ್ಯಾಪ್‌ಟಾಪನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಿ. ಲ್ಯಾಪ್‌ಟಾಪಿನ ಮೇಲಿನ ಒಂದು ಸಣ್ಣ ಪ್ರೋಗ್ರಾಮ್ ಜಾಲದ ಮೂಲಕ ಸಾಲಿಗೊಂದು ಏರುಸಂಖ್ಯೆಯನ್ನು ಸೇರಿಸಿ ಕಮಿಟ್ ಮಾಡುತ್ತಿರಲಿ, ಮತ್ತು ಕಮಿಟ್ ಆಯಿತೆಂಬ ಉತ್ತರ ಬಂದ ಮೇಲೆಯೇ ಆ ಸಂಖ್ಯೆಯನ್ನು ಲ್ಯಾಪ್‌ಟಾಪಿನ ಕಡತದಲ್ಲಿ ಬರೆದುಕೊಳ್ಳಲಿ. ಇಂಥ ನಾಲ್ಕೈದು ಸಂಪರ್ಕಗಳು ಒಟ್ಟಿಗೆ ನಡೆಯಲಿ, ಅವುಗಳ ಜೊತೆ ಹಳೆಯ ಸಾಲುಗಳನ್ನು ತಿದ್ದುವ ಕೆಲಸವೂ ಇರಲಿ. ಚೆಕ್‌ಪಾಯಿಂಟ್ ಅವಧಿಯನ್ನು ಅದರ ಕನಿಷ್ಠ ಮಿತಿಯಾದ 30 ಸೆಕೆಂಡಿಗೆ ಇಳಿಸಿದರೆ ಕಿರ್ದಿಯ ಜೊತೆಗೆ ಖತಾವಣಿಯ ಬರಹವೂ ಪರೀಕ್ಷೆಗೆ ಒಳಗಾಗುತ್ತದೆ. ಕೆಲ ನಿಮಿಷ ಓಡಿದ ಮೇಲೆ, ಯಾವುದೇ ಲೆಕ್ಕವಿಲ್ಲದ ಕ್ಷಣದಲ್ಲಿ ಯಂತ್ರದ ಹಿಂದಿನ ವಿದ್ಯುತ್ ತಂತಿಯನ್ನು ಕಿತ್ತುಬಿಡಿ.

ತಂತಿಯನ್ನೇ ಕೀಳಬೇಕು ಎಂಬುದರ ಮೇಲೆ ನಾನು ಒತ್ತು ಕೊಡುತ್ತೇನೆ. ಪೋಸ್ಟ್‌ಗ್ರೆಸ್ ಪ್ರಕ್ರಿಯೆಯನ್ನು ಕೊಂದು ಎಬ್ಬಿಸುವ ಪರೀಕ್ಷೆಯನ್ನು ಅನೇಕರು ಮಾಡಿ, ಏನೂ ಕಳೆಯಲಿಲ್ಲವೆಂದು ನಿಶ್ಚಿಂತರಾಗುತ್ತಾರೆ. ಪ್ರಕ್ರಿಯೆ ಸತ್ತರೂ ಕರ್ನಲ್ ಬದುಕಿರುತ್ತದೆ, ಅದರ ಸ್ಮೃತಿಯಲ್ಲಿದ್ದದ್ದು ಆಮೇಲೆ ಡಿಸ್ಕಿಗೆ ಹೋಗಿಯೇ ಹೋಗುತ್ತದೆ. ವರ್ಚುವಲ್ ಯಂತ್ರವನ್ನು ಬಲವಂತವಾಗಿ ಆಫ್ ಮಾಡಿದರೂ ಇದೇ ಕಥೆ: ಹೊರಗಿನ ಕರ್ನಲ್ ಬದುಕಿರುತ್ತದೆ. ರೀಸೆಟ್ ಬಟನ್ ಒತ್ತಿದರೆ ಕರ್ನಲ್ಲಿನ ಸ್ಮೃತಿ ಹೋಗುತ್ತದೆ, ಆದರೆ ಡಿಸ್ಕಿಗೆ ಕರೆಂಟು ಇದ್ದೇ ಇರುವುದರಿಂದ ಅದರ ಕ್ಯಾಶಿಗೆ ಪರೀಕ್ಷೆಯೇ ಆಗುವುದಿಲ್ಲ. ಯುಪಿಎಸ್ ಇದ್ದರೆ ಅದರ ಮತ್ತು ಯಂತ್ರದ ನಡುವಿನ ತಂತಿಯನ್ನು ಕೀಳಿ.

ಮರಳಿ ಚಾಲೂ ಮಾಡಿದ ಮೇಲೆ ಲ್ಯಾಪ್‌ಟಾಪಿನ ಕಡತದಲ್ಲಿರುವ ಪ್ರತಿ ಸಂಖ್ಯೆಯೂ ಡೇಟಾಬೇಸಿನಲ್ಲಿ ಇರಬೇಕು. ಪ್ರತಿ ಸಂಪರ್ಕಕ್ಕೆ ಒಂದು ಸಂಖ್ಯೆ ಡೇಟಾಬೇಸಿನಲ್ಲಿ ಹೆಚ್ಚಿಗೆ ಇದ್ದರೆ ಅದು ತಪ್ಪಲ್ಲ. ಕಮಿಟ್ ಆಗಿ ಉತ್ತರ ದಾರಿಯಲ್ಲಿದ್ದಾಗ ಕರೆಂಟು ಹೋಗಿರುತ್ತದೆ. ಒಂದೇ ಒಂದು ಸಂಖ್ಯೆ ಕಡಿಮೆಯಾದರೂ ಆ ಯಂತ್ರ ಅನುತ್ತೀರ್ಣ. ಆಮೇಲೆ ಪಿಜಿ ಆಮ್‌ಚೆಕ್ ಎಂಬ ತಪಾಸಣೆಯ ಪ್ರೋಗ್ರಾಮ್ ಓಡಿಸಿ ಕೋಷ್ಟಕ ಮತ್ತು ಇಂಡೆಕ್ಸ್ ಹೊಂದುತ್ತವೆಯೇ ನೋಡಿ. ಪೋಸ್ಟ್‌ಗ್ರೆಸ್ 14ರಿಂದ ಅದು ಜೊತೆಗೇ ಬರುತ್ತದೆ. ಇದನ್ನು ಹತ್ತಿಪ್ಪತ್ತು ಬಾರಿಯಾದರೂ ಮಾಡಿ. ಒಂದು ಸೋಲು ಎಲ್ಲವನ್ನೂ ಹೇಳಿಬಿಡುತ್ತದೆ, ಒಂದು ಗೆಲುವು ಹೆಚ್ಚೇನೂ ಹೇಳುವುದಿಲ್ಲ. ಹಳೆಯ ಯಂತ್ರವನ್ನು ಈಗಿರುವ ಸೆಟ್ಟಿಂಗಿನಲ್ಲೇ, ಬೇರೆ ಡಿಸ್ಕ್ ಹಾಕಿ, ಮೊದಲು ಇದೇ ಪರೀಕ್ಷೆಗೆ ಒಡ್ಡಿದರೆ ಒಳ್ಳೆಯದು: ಸೋಲುವುದೆಂದು ಗೊತ್ತಿರುವ ಯಂತ್ರ ಸೋತರೆ ನಿಮ್ಮ ಪರೀಕ್ಷೆಯೇ ಸರಿಯಿದೆ ಎಂಬ ಖಾತರಿ ಸಿಗುತ್ತದೆ.

ಒಮ್ಮೆ ಪಾಸಾದ ಯಂತ್ರ ಎಂದೆಂದಿಗೂ ಪಾಸಾಗಿರುತ್ತದೆ ಎಂದೂ ಇಲ್ಲ. ಕೆಲ ವರ್ಷಗಳ ಹಿಂದೆ ಬೀದರ್ ಜಿಲ್ಲೆಯ ಒಂದು ಸಹಕಾರ ಸಂಘದ ಸರ್ವರನ್ನು ನಾನೇ ಪರೀಕ್ಷಿಸಿ ಒಪ್ಪಿಸಿದ್ದೆ. ಅದರಲ್ಲಿ ಬ್ಯಾಟರಿಯುಳ್ಳ ರೇಡ್ ಕಾರ್ಡ್ ಇತ್ತು. ಬ್ಯಾಟರಿ ಕಾಯುವ ಕ್ಯಾಶ್ ಕರೆಂಟು ಹೋದರೂ ಉಳಿಯುವುದರಿಂದ ಅಂಕಿ ಸಾವಿರಾರು ಇದ್ದರೂ ಅದು ಪ್ರಾಮಾಣಿಕವಾಗಿತ್ತು, ಎಷ್ಟು ಬಾರಿ ತಂತಿ ಕಿತ್ತರೂ ಒಂದು ಸಾಲೂ ಕಳೆಯಲಿಲ್ಲ. ಮೂರನೆಯ ಬೇಸಿಗೆಯ ಹೊತ್ತಿಗೆ, ಗಾಳಿಯಾಡದ ಆ ಕೋಣೆಯ ಕಾವಿನಲ್ಲಿ ಬ್ಯಾಟರಿ ಸತ್ತಿತ್ತು. ಸತ್ತಾಗ ಕಾರ್ಡ್ ತಾನಾಗಿ ಸುರಕ್ಷಿತವಾದ ನಿಧಾನ ಸ್ಥಿತಿಗೆ ಇಳಿಯಬೇಕಿತ್ತು. ಇಳಿದಾಗ ಯಂತ್ರ ನಿಧಾನವಾಯಿತೆಂದು ಯಾರೋ ಅದನ್ನು ಬ್ಯಾಟರಿ ಇಲ್ಲದಿದ್ದರೂ ಕ್ಯಾಶ್ ಬಳಸುವಂತೆ ಒತ್ತಾಯದ ಸ್ಥಿತಿಗೆ ತಿರುಗಿಸಿದ್ದರು. ಮುಂದಿನ ಬಾರಿ ಕರೆಂಟು ಹೋದಾಗ ಒಂದು ದಿನದ ಪಿಗ್ಮಿ ಜಮೆಗಳ ಲೆಕ್ಕ ಕಲಸಿಹೋಯಿತು. ಸಂಗ್ರಹಕಾರರ ಕೈಪುಸ್ತಕಗಳನ್ನು ಹಿಡಿದು ಒಂದೊಂದೇ ಸರಿಪಡಿಸಲು ನಾಲ್ಕು ದಿನ ಹಿಡಿಯಿತು. ವರ್ಷಕ್ಕೊಮ್ಮೆ ಮರುಪರೀಕ್ಷೆ ಆಗಬೇಕೆಂದು ನಾನು ಆಗ ಬರೆದುಕೊಡಲಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಕಲಬುರಗಿ, ಯಾದಗಿರಿಗಳಲ್ಲಿ ಬ್ಯಾಟರಿ ನಂಬಿದ ಯಾವ ವ್ಯವಸ್ಥೆಗೂ, ಅದು ಯುಪಿಎಸ್ ಆಗಲಿ ರೇಡ್ ಕಾರ್ಡ್ ಆಗಲಿ, ಬೇಸಿಗೆ ಮುಗಿದ ಮೇಲೊಮ್ಮೆ ಪರೀಕ್ಷೆ ಬೇಕು.

ನಿಮ್ಮ ಮಾಲೀಕರು 640 ಸಾಲುವುದೇ ಎಂದು ಕೇಳಬಹುದು. ಧಾರಾಳವಾಗಿ ಸಾಲುತ್ತದೆ. ಸುಗ್ಗಿಯ ದಿನಗಳಲ್ಲೂ ಒಂದು ಅಂಗಡಿಯಲ್ಲಿ ಸೆಕೆಂಡಿಗೆ ಒಂದು ಪಟ್ಟಿ ಆಗುವುದಿಲ್ಲ; ಜೊತೆಗೆ ಹಲವು ಸಂಪರ್ಕಗಳು ಒಟ್ಟಿಗೆ ಕಮಿಟ್ ಮಾಡಿದಾಗ ಪೋಸ್ಟ್‌ಗ್ರೆಸ್ ಅವುಗಳಿಗೆ ಒಂದೇ ಸಿಂಕ್ ಹಂಚಿಕೊಳ್ಳಲು ಬಿಡುತ್ತದೆ. ಆದರೂ ನಿಧಾನ ಎನಿಸಿದರೆ ತಂತ್ರಾಂಶ ಒಂದು ಪಟ್ಟಿಯ ಪ್ರತಿ ಸಾಲನ್ನೂ ಬೇರೆ ಬೇರೆ ಕಮಿಟ್ ಮಾಡುತ್ತಿದೆಯೇ ನೋಡಿ. ಇಡೀ ಪಟ್ಟಿ ಒಂದೇ ವಹಿವಾಟಾಗಬೇಕು, ವೇಗಕ್ಕೂ ಅದೇ ಒಳ್ಳೆಯದು, ಲೆಕ್ಕದ ನ್ಯಾಯಕ್ಕೂ ಅದೇ ಸರಿ. ಕಾಂಟಾದಿಂದ ಕ್ಷಣಕ್ಷಣಕ್ಕೂ ಬರುವ ತೂಕದ ದಾಖಲೆಯಂಥ, ಹೋದರೂ ನಷ್ಟವಿಲ್ಲದ ಬರಹಗಳಿಗೆ ಸಿಂಕ್ರನಸ್ ಕಮಿಟ್ (ವಾಲ್ ಡಿಸ್ಕಿಗೆ ಮುಟ್ಟುವವರೆಗೆ ಕಾಯಿಸುವ ಸೆಟ್ಟಿಂಗ್) ಅನ್ನು ಆ ವಹಿವಾಟಿಗಷ್ಟೇ ಆಫ್ ಮಾಡಬಹುದು. ಅದರಲ್ಲಿ ಕೊನೆಯ ಸುಮಾರು 600 ಮಿಲಿಸೆಕೆಂಡಿನ ಬರಹ ಹೋಗಬಹುದು, ಡೇಟಾಬೇಸ್ ಕೆಡುವುದಿಲ್ಲ. ಎಫ್‌ಸಿಂಕ್ ಎಂಬ ಸೆಟ್ಟಿಂಗನ್ನೇ ಆಫ್ ಮಾಡುವುದು ಇದಕ್ಕಿಂತ ತೀರಾ ಬೇರೆ. ಅದರಿಂದ ಇಡೀ ಡೇಟಾಬೇಸ್ ಕೆಡಬಹುದು. ಹೆಸರುಗಳು ಹತ್ತಿರವಾಗಿರುವುದರಿಂದ ಗೊಂದಲ ಮಾಡಿಕೊಳ್ಳಬೇಡಿ.

ಪೋಸ್ಟ್‌ಗ್ರೆಸ್ ಆವೃತ್ತಿ ಎಷ್ಟೆಂದು ನೀವು ಬರೆದಿಲ್ಲ. ಲಿನಕ್ಸಿನಲ್ಲಿ ಎಫ್‌ಸಿಂಕ್ ಒಮ್ಮೆ ವಿಫಲವಾದರೆ ಕರ್ನಲ್ ಆ ದೋಷವನ್ನು ಒಮ್ಮೆ ತಿಳಿಸಿ, ಎರಡನೆಯ ಬಾರಿ ಕೇಳಿದಾಗ ಎಲ್ಲ ಸರಿಯಿದೆ ಎಂದುಬಿಡಬಹುದು ಎಂಬುದು 2018ರಲ್ಲಿ ದೊಡ್ಡ ಚರ್ಚೆಯಾಯಿತು. 2019ರ ಫೆಬ್ರವರಿಯ ಪರಿಷ್ಕರಣೆಗಳಿಂದ ಪೋಸ್ಟ್‌ಗ್ರೆಸ್ ಅಂಥ ವೈಫಲ್ಯ ಕಂಡ ಕೂಡಲೇ ತನ್ನನ್ನು ತಾನೇ ನಿಲ್ಲಿಸಿ ವಾಲ್‌ನಿಂದ ಚೇತರಿಸಿಕೊಳ್ಳುತ್ತದೆ. ಅದಕ್ಕಿಂತ ಹಳೆಯದು ನಿಮ್ಮಲ್ಲಿದ್ದರೆ ಡಿಸ್ಕ್ ಬದಲಿಸುವಾಗಲೇ ಆವೃತ್ತಿಯನ್ನೂ ಬದಲಿಸಿ.

ತೊಗರಿಯ ಆವಕ ಡಿಸೆಂಬರಿನಲ್ಲಿ ಶುರುವಾಗುವ ಮೊದಲು ಈ ಕೆಲಸ ಮುಗಿಸಿ. ಹಳೆಯ ಯಂತ್ರದ ವರ್ಚುವಲ್ ಡಿಸ್ಕಿನ ಕ್ಯಾಶ್ ಆಯ್ಕೆಯನ್ನು ಇಂದೇ ಬದಲಿಸಿ ಮತ್ತೆ ಅಳೆಯಿರಿ. ಎಫ್‌ಡೇಟಾಸಿಂಕ್ 120ರ ಕೆಳಗೆ ಇಳಿದರೆ ಹೊಸ ಯಂತ್ರ ಸಿದ್ಧವಾಗುವವರೆಗೆ ಅದರಲ್ಲೇ ಕೆಲಸ ನಡೆಸಬಹುದು, ಅಂಗಡಿಯವರಿಗೆ ಪಟ್ಟಿ ಉಳಿಸುವಾಗ ತುಸು ತಡವೆನಿಸಿದರೆ ಕಾರಣ ತಿಳಿಸಿ. ಇಳಿಯದಿದ್ದರೆ ಯಂತ್ರದ ಒಳಗೆ ಮತ್ತು ಹೊರಗೆ ಓಡಿಸಿದ ಎರಡೂ ಪರೀಕ್ಷೆಗಳ ಪೂರ್ತಿ ಫಲಿತಾಂಶವನ್ನು, ಮೌಂಟ್ ಆಯ್ಕೆಗಳ ಸಾಲಿನ ಜೊತೆ, ನನಗೆ ಕಳಿಸಿ.